ಬೋಳು ಹಣೆಯ ದಿನಗಳು

ಪುಣೆಯ ಜನರಿಗೆ ಈಗ ಮುಖ ತೊಳೆಯುವುದಕ್ಕೂ ಅಪಾಯಿಂಟ್‌ಮೆಂಟ್ ಬೇಕು ಎಂದು ನಾನು ಎಲ್ಲರೆದುರು ಹಂಗಿಸುತ್ತಿದ್ದೆ. ಹಂಗಿಸಿದ ಅದೇ ಬಾಯಿ ಮುಚ್ಚಿಕೊಂಡು ಒಂದು ದಿನ ಚರ್ಮದ ಕ್ಲಿನಿಕ್ಕಿನ ಗಾಜಿನ ಬಾಗಿಲ ಮುಂದೆ ನಿಂತಿದ್ದೆ. ಎಳೆದುಕೊಂಡು ಹೋದವಳು ಅಕ್ಕನ ಮಗಳು. ಅವಳು ಆಗಾಗ ಅಲ್ಲಿಗೆ ಹೋಗಿ ಮುಖದ ಸಿಪ್ಪೆ ಸುಲಿಸಿಕೊಂಡು, ಆಮೇಲೆ ಹೊಳೆಯುತ್ತಾ ತಿರುಗುತ್ತಾಳೆ.

"ಮೌಶಿ, ಬರೇ ತೋರಿಸಿಕೊಂಡು ಬರೂಣು ಬಾ. ನಿನ್ನೇನು ಹಿಡಕೊಂಡು ಸುಲಿಯೂದಿಲ್ಲ ಅವರು."

ತೋರಿಸಬೇಕಾಗಿದ್ದದ್ದು ನನ್ನ ಹಣೆ. ಹುಬ್ಬುಗಳ ನಡುವೆ, ಟಿಕಳಿ ಅಂಟಿಸುವ ಜಾಗದಲ್ಲಿ, ಚರ್ಮದ ಬಣ್ಣ ಹೋಗಿ ಬಿಳಿ ಚುಕ್ಕೆ ಬಿದ್ದಿತ್ತು. ಮೊದಮೊದಲು ಅದು ಟಿಕಳಿಯ ಹಿಂದೆ ಅಡಗಿ ಕೂತಿತ್ತು. ಆಮೇಲೆ ಅಂಚು ಹೊರಗೆ ಬಂತು. ನಾನು ದೊಡ್ಡ ಟಿಕಳಿ ತಂದೆ. ಚುಕ್ಕೆಯೂ ದೊಡ್ಡದಾಯಿತು. ನಾನೇನು ಬಿಡುವವಳೇ? ಇನ್ನೂ ದೊಡ್ಡದು ತಂದೆ. ಹೀಗೆ ಜಿದ್ದಿಗೆ ಬಿದ್ದು ಕೊನೆಗೆ ರೂಪಾಯಿ ಅಗಲದ ಟಿಕಳಿ ಅಂಟಿಸಿಕೊಂಡು ಎದುರು ನಿಂತಾಗ ಹುಡುಗಿ ಹೊಟ್ಟೆ ಹಿಡಿದುಕೊಂಡು ನಕ್ಕುಬಿಟ್ಟಳು.

ಕ್ಲಿನಿಕ್ಕಿನ ಒಳಗೆ ಹೊರಗಿನ ಪುಣೆ ಇರಲೇ ಇಲ್ಲ. ರಿಕ್ಷಾ, ಸ್ಕೂಟರುಗಳ ಗದ್ದಲವೆಲ್ಲ ಗಾಜಿನಾಚೆ ಉಳಿದು, ಯಾವುದೋ ಹೂವಿನ ವಾಸನೆಯ ತಂಪು ಗಾಳಿ ಮೆಲ್ಲಗೆ ತೇಲುತ್ತಿತ್ತು. ಬೆಳಕೂ ಹಾಲಿನ ಬಣ್ಣದ್ದು. ನೋವು ಗೊತ್ತಾಗದಿರಲೆಂದು ಮುಖಕ್ಕೆ ಬಿಳಿ ಮುಲಾಮು ಬಳಿದು, ಮೇಲೆ ತೆಳ್ಳನೆಯ ಪ್ಲಾಸ್ಟಿಕ್ ಹೊದಿಸಿ, ಜನರನ್ನು ಸಾಲಾಗಿ ಕೂಡಿಸಿದ್ದರು. ಹೆಂಗಸರು ಯಾರು, ಗಂಡಸರು ಯಾರು ಎನ್ನುವುದು ಕೈ ನೋಡಿದರಷ್ಟೇ ತಿಳಿಯುತ್ತಿತ್ತು. ನಿಜ ಹೇಳಬೇಕೆಂದರೆ ಗಂಡಸರೇ ಹೆಚ್ಚಿದ್ದರು. ಒಬ್ಬ ರಾಂಜಣಗಾಂವದ ಕಾರ್ಖಾನೆಯಿಂದ ಪಾಳಿ ಮುಗಿಸಿ ಯೂನಿಫಾರ್ಮಿನಲ್ಲೇ ಬಂದಿದ್ದ. ಮೊಡವೆಯ ಕುಳಿ ತುಂಬಿಸಿಕೊಳ್ಳಬೇಕಂತೆ, ಹುಡುಗಿ ನೋಡಲು ಹೋಗುವುದಿತ್ತಂತೆ. ನನ್ನ ಪಕ್ಕದ ಬಿಳಿ ಮುಖವೊಂದು ಫೋನಿನಲ್ಲಿ ಕರಾವಳಿಯ ಕನ್ನಡದಲ್ಲಿ ತನ್ನ ಹೋಟೆಲಿನ ಸಾಂಬಾರಿನ ಉಪ್ಪಿನ ಬಗ್ಗೆ ಜಗಳವಾಡುತ್ತಿತ್ತು. ಫೋನು ಇಟ್ಟ ಮೇಲೆ, ನಾನು ನಕ್ಕದ್ದು ನೋಡಿ ಕನ್ನಡದವಳೆಂದು ತಿಳಿದು, ಆ ಹೋಟೆಲಿನವರು ನನ್ನ ಕಡೆ ತಿರುಗಿದರು.

"ಕಣ್ಣಿನ ಅಡಿ ಕಪ್ಪು ಮಾರಾಯ್ರೆ. ಕ್ಯಾಶಿನಲ್ಲಿ ಕೂತ್ರೆ ಬಂದವರೆಲ್ಲ ಹುಷಾರಿಲ್ವಾ ಅಂತ ಕೇಳುದು. ಹೇಳಿ ಹೇಳಿ ಸಾಕಾಯ್ತು."

ಆ ತಂಪಿಗೆ ನನಗೆ ಜೊಂಪು ಹತ್ತಿತು. ಎಲ್ಲರ ಮುಖಗಳನ್ನೂ ಬಿಚ್ಚಿ ಕಪಾಟಿನಲ್ಲಿ ಜೋಡಿಸಿಟ್ಟಿದ್ದಾರೆ, ಹೋಗುವಾಗ ಕೈಗೆ ಸಿಕ್ಕಿದ್ದನ್ನು ಹಾಕಿಕೊಂಡು ಹೋಗುತ್ತಿದ್ದಾರೆ ಎಂದು ಕನಸು ಬಿತ್ತು. ಸಾಂಬಾರಿನವರ ಮುಖ ನನ್ನ ಪಾಲಿಗೆ ಬಂದಿತ್ತು. ಅದನ್ನೇ ಹಾಕಿಕೊಂಡು ಮನೆಗೆ ಹೋಗಿ ಅಡುಗೆಗೆ ನಿಂತೆ, ಯಾರೂ ಏನೂ ಕೇಳಲಿಲ್ಲ. ಅಷ್ಟರಲ್ಲಿ ಒಳಗಿನಿಂದ ನನ್ನನ್ನು ಕರೆದರು.

ಡಾಕ್ಟರು ಸಣ್ಣ ವಯಸ್ಸಿನ ಮರಾಠಿ ಹೆಣ್ಣುಮಗಳು. ದುರ್ಬೀನಿನಂಥದ್ದನ್ನು ಹಣೆಗೆ ಒತ್ತಿ ನೋಡಿ, "ಕಾಕೂ, ಟಿಕಲಿ ಬಂದ್. ಕುಂಕೂ ಪಣ್ ಬಂದ್" ಎಂದಳು. ಟಿಕಳಿಯ ಅಂಟೇ ಬಣ್ಣ ತಿಂದಿದೆಯಂತೆ, ಕುಂಕುಮವನ್ನೂ ಬಿಡಬೇಕಂತೆ. ದಿನಾ ಮುಲಾಮು ಹಚ್ಚಬೇಕು, ವಾರಕ್ಕೆರಡು ಸಲ ಬಂದು ಯಂತ್ರದ ಬೆಳಕು ಹಿಡಿಸಿಕೊಳ್ಳಬೇಕು, ಬಣ್ಣ ತಿರುಗಿ ಬರುವ ತನಕ ಹಣೆಯ ಮೇಲೆ ಏನೂ ಇರಕೂಡದು.

ಏನೂ ಇರಕೂಡದು ಎಂದು ಹೇಳುವುದು ಅವಳಿಗೆ ಸುಲಭ. ಖಾಲಿ ಹಣೆಯಲ್ಲಿ ನೀರು ಕುಡಿದರೂ ಗದರುವ ತಾಯಿ ನನ್ನನ್ನು ಬೆಳೆಸಿದ್ದು. ಗಂಡ ಇರುವವಳ ಹಣೆ ಬೋಳಾಗಿರಬಾರದು ಎನ್ನುವುದು ನಮ್ಮ ಧಾರವಾಡದ ಕಡೆ ಯಾರೂ ಹೇಳಿಕೊಡುವ ಮಾತಲ್ಲ, ಅದು ಮೈಯಲ್ಲೇ ಇರುತ್ತದೆ. ಮೇಲಾಗಿ ಹಿಂದಿನ ವರ್ಷವಷ್ಟೇ ನಮ್ಮ ಯಜಮಾನರ ಹೃದಯದ ಆಪರೇಷನ್ ಆಗಿತ್ತು. ಮನೆಗೆ ಬಂದು ಅಳುಕುತ್ತಲೇ ವಿಷಯ ಹೇಳಿದೆ.

"ಹಣಿ ನಿಂದು. ಏನರ ಮಾಡಕೋ" ಎಂದರು, ಪೇಪರಿನ ಹಿಂದಿನಿಂದ.

ನನಗೆ ಸಿಟ್ಟೇ ಬಂತು. ಸುಳ್ಳುಸುಳ್ಳೇ ಒಮ್ಮೆಯಾದರೂ ಬೇಡ ಅನ್ನಬಾರದಿತ್ತೇ ಈ ಮನುಷ್ಯ!

ಬೆಳಕಿನ ಕೋಣೆ ಮಾತ್ರ ನನಗೆ ಬರಬರುತ್ತ ಹಿಡಿಸಿಬಿಟ್ಟಿತು. ಕಣ್ಣಿಗೆ ಕಪ್ಪು ಕನ್ನಡಕ ಏರಿಸಿ ಮಲಗಿಸುತ್ತಿದ್ದರು. ಸುತ್ತ ಕತ್ತಲೆ, ಹಣೆಯ ಮೇಲೆ ಮಾತ್ರ ಸಣ್ಣದೊಂದು ಬಿಸಿ. ಚಳಿಗಾಲದ ಮುಂಜಾನೆ ಯಾರದೋ ಕಟ್ಟೆಯ ಮೇಲೆ ಎಳೆಬಿಸಿಲಿಗೆ ಒರಗಿ ಕೂತ ಹಾಗೆ ಅನಿಸುತ್ತಿತ್ತು. ಯಾರೋ ಶೇಂಗಾ ಹುರಿಯುತ್ತಿದ್ದಾರೆ, ಯಾರೋ ನನ್ನ ಜಡೆ ಬಿಚ್ಚಿ ಬಾಚಣಿಗೆ ಹಿಡಿದಿದ್ದಾರೆ, ನನಗಿನ್ನೂ ಮದುವೆಯಾಗಿಲ್ಲ, ಹಣೆಯ ಚಿಂತೆ ಯಾರಿಗೂ ಇಲ್ಲ. ಮುಗಿಯಿತು ಎಂದು ಎಬ್ಬಿಸಿದರೆ ಏಳಲು ಮನಸ್ಸೇ ಬರುತ್ತಿರಲಿಲ್ಲ.

ಹಾಗೆ ಒಂದು ದಿನ ಕ್ಲಿನಿಕ್ಕಿನಿಂದ ಶಿವಾಜಿನಗರದ ಬಸ್‌ಸ್ಟ್ಯಾಂಡಿಗೆ ಬಂದಾಗ, ಎಷ್ಟೋ ವರ್ಷಗಳ ಹಿಂದೆ ನಮ್ಮ ನೆರೆಮನೆಯಲ್ಲಿದ್ದ, ಎಲ್ಲರೂ ಬಾಯಿ ಎಂದು ಕರೆಯುತ್ತಿದ್ದ ಬೆಳಗಾವಿಯ ಹೆಂಗಸೊಬ್ಬರು ಸಿಕ್ಕರು. ನಾನು ನಕ್ಕೆ. ಅವರು ನಗಲಿಲ್ಲ. ನನ್ನ ಹಣೆ ನೋಡಿದರು, ಕಣ್ಣುಗಳು ತುಂಬಿ ಬಂದವು. ನನ್ನ ಎರಡೂ ಕೈ ಗಟ್ಟಿಯಾಗಿ ಹಿಡಿದುಕೊಂಡು, "ನನಗ ಗೊತ್ತಽ ಆಗಲಿಲ್ಲ ನೋಡ್ರಿ" ಎನ್ನುವಷ್ಟರಲ್ಲಿ ಅವರ ಬಸ್ಸು ಬಂತು, ಜನ ಅವರನ್ನು ನೂಕಿಕೊಂಡು ಹೋದರು. ಪಾಪ, ಒಂದು ಬಿಳಿ ಚುಕ್ಕೆಗೆ ಇಷ್ಟೊಂದು ಮರುಗಿದರಲ್ಲ ಎಂದುಕೊಂಡು ನಾನು ನನ್ನ ಬಸ್ಸು ಹತ್ತಿದೆ.

ಮುಂದಿನ ಭಾನುವಾರ ಬಾಗಿಲ ಗಂಟೆ ಸದ್ದಾಯಿತು. ಹೆಗಲ ಮೇಲೆ ಟವೆಲ್ ಹಾಕಿಕೊಂಡು ಬನಿಯನ್ನಿನಲ್ಲೇ ಬಾಗಿಲು ತೆರೆದವರು ನಮ್ಮ ಯಜಮಾನರು. ಹೊರಗೆ ಆ ಬಾಯಿ ಮತ್ತು ಅವರ ಗಂಡ, ಇಬ್ಬರದೂ ಜೋತುಬಿದ್ದ ಮುಖ. ಕೈಯಲ್ಲಿ ದೊಡ್ಡ ಡಬ್ಬಿ. ಸಾವಾದ ಮನೆಯಲ್ಲಿ ಒಲೆ ಹೊತ್ತಿಸಿರುವುದಿಲ್ಲವೆಂದು ನಮ್ಮ ಕಡೆಯವರು ಅಡುಗೆ ಮಾಡಿಕೊಂಡು ಒಯ್ಯುವುದುಂಟಲ್ಲ, ಹಾಗೆ ತಂದಿದ್ದರು.

"ಓಹೋ, ಬರ್ರಿ ಬರ್ರಿ! ಭಾಳ ದಿವಸಕ್ಕ ಬಂದ್ರಿ!" ಎಂದರು ಯಜಮಾನರು.

ಬಾಯಿ "ಅಯ್ಯ ಶಿವನಽ!" ಎಂದು ಗೋಡೆ ಹಿಡಿದುಕೊಂಡರು. ಅವರ ಗಂಡ ಡಬ್ಬಿಯನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಳ್ಳಲು ನೋಡಿದರು. ನಾನು ಅಡುಗೆಮನೆಯಿಂದ ಬಂದು, ಸಂಗತಿ ಅರ್ಥವಾಗಿ, ನಾಚಿಕೆಯಿಂದ ಭೂಮಿಗಿಳಿದು ಹೋದೆ. ಎಲ್ಲರಿಗಿಂತ ಜೋರಾಗಿ ನಕ್ಕವರು ನಮ್ಮ ಯಜಮಾನರೇ. ಡಬ್ಬಿ ತೆರೆಸಿದರು. ಭಕ್ರಿ, ಝುಣಕ, ಶೇಂಗಾ ಹಿಂಡಿ ಇದ್ದವು.

"ನನ್ನ ಹೆಸರಿಲೆ ತಂದದ್ದು, ನಾನಽ ತಿನ್ನಬೇಕು. ಬಡಸು!" ಎಂದು ಎರಡು ಭಕ್ರಿ ಹೊಡೆದರು. ಹೋಗುವಾಗ ಬಾಯಿ ನನ್ನ ಕಿವಿಯಲ್ಲಿ, "ಸಣ್ಣದರ ಒಂದು ಹಚ್ಚಕೋರಿ, ನಿಮ್ಮ ಕಾಲಿಗೆ ಬೀಳತೀನಿ" ಎಂದು ಬೇಡಿಕೊಂಡರು.

ಯಜಮಾನರು ಈ ಕಥೆಯನ್ನು ನಮ್ಮ ಹೌಸಿಂಗ್ ಸೊಸೈಟಿಯ ತುಂಬ ಹೇಳಿ ನಗಿಸಿದರು. ಆದರೆ ಮನೆಯಲ್ಲಿ ಮಾತು ಕಡಿಮೆಯಾಯಿತು. ಆಪರೇಷನ್ನಿನ ಆಯಾಸವೆಂದುಕೊಂಡೆ. ಒಂದು ಮುಂಜಾನೆ, ಇನ್ನೂ ಅರೆನಿದ್ದೆಯಲ್ಲಿರುವಾಗ, ಕಿಟಕಿಯ ಬೂದು ಬೆಳಕಿನಲ್ಲಿ ಅವರು ಹಾಸಿಗೆಯ ಮೇಲೆ ಎದ್ದು ಕೂತದ್ದು ಕಂಡಿತು. ನನ್ನ ಹಣೆಯನ್ನೇ ನೋಡುತ್ತಿದ್ದರು. ಬಲಗೈ ಬೆರಳುಗಳು ಎಡಗೈಯ ನಾಡಿಯ ಮೇಲಿದ್ದವು.

ನಾನು ದಡಬಡಿಸಿ ಎದ್ದೆ. "ಏನ್ರಿ? ಎದಿ ನೋಯಾಕತ್ತದೇನು?"

"ಏನಿಲ್ಲ, ಮಲಕೋ."

"ಏನಿಲ್ಲಂದ್ರ? ಖರೇ ಹೇಳ್ರಿ!"

ನಾಡಿಯ ಮೇಲಿಂದ ಬೆರಳು ತೆಗೆದರು. "ಕಣ್ಣು ತಗದ ಕೂಡಲೆ ನಿನ್ನ ಬೋಳ ಹಣಿ ಕಾಣ್ತದ" ಎಂದರು. "ನಿದ್ದಿಗಣ್ಣಾಗ ನನಗ ತಿಳಿಯೂದಿಲ್ಲ. ನಾ ಸತ್ತೀನಿ ಅನಸ್ತದ. ಅದಕ್ಕ ನಾಡಿ ಹಿಡದು ನೋಡಕೋತೀನಿ. ದಿನಾ."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಅವರ ಮೇಲೋ, ಆ ಡಾಕ್ಟರ ಮೇಲೋ, ಡಬ್ಬಿ ತಂದವರ ಮೇಲೋ ತಿಳಿಯದು. ಸುಡಲಿ ಈ ಬಣ್ಣ, ಹಣೆಯೆಲ್ಲ ಬೆಳ್ಳಗಾದರೂ ಆಗಲಿ ಎಂದು ದೇವರ ಮುಂದಿನ ಕುಂಕುಮದ ಬಟ್ಟಲನ್ನೇ ಎತ್ತಿಕೊಂಡು ಬಂದೆ. ಬೆರಳು ಅದ್ದಿದ್ದೆ ಕೂಡ. ಅವರು ಕೈ ಹಿಡಿದುಕೊಂಡರು.

"ಬ್ಯಾಡ. ಬಿಳೀ ಒಳಗ ಸಣ್ಣ ಸಣ್ಣ ಕಂದು ಚುಕ್ಕಿ ಬರಾಕತ್ತಾವ. ನೀ ಕನ್ನಡಿ ಒಳಗ ನೋಡಿಲ್ಲ, ನಾ ನೋಡೀನಿ. ಇಷ್ಟು ದಿನಾ ತಡದೀ, ಕೆಡಸಬ್ಯಾಡ." ಆಮೇಲೆ ತಲೆ ಬಗ್ಗಿಸಿದರು. "ನನಗ ಹಚ್ಚು."

ಹಬ್ಬದ ದಿನವೂ ಹಣೆಗೆ ಏನೂ ಹಚ್ಚಿಸಿಕೊಳ್ಳದ ಮನುಷ್ಯ. ಅವರ ಹುಬ್ಬುಗಳ ನಡುವೆ ಬೆರಳಿಟ್ಟೆ. ಬೆಚ್ಚಗಿತ್ತು. ತೆಗೆಯಲು ಆಗಲೇ ಇಲ್ಲ.

"ಸಾಕಲ್ಲ, ಎಷ್ಟು ಹಚ್ಚತೀ?" ಎಂದರು.

"ಸುಮ್ಮನ ಕೂಡ್ರಿ" ಎಂದೆ. ಅಳು ಒತ್ತರಿಸಿ ಬಂತು. ಆಪರೇಷನ್ ಆದಾಗಿನಿಂದ ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಮಾತು ತಾನಾಗಿಯೇ ಹೊರಬಿತ್ತು.

"ನಾನೂ ಮುಂಜಾನೆ ಎಚ್ಚರಾದ ಕೂಡಲೆ ಕಣ್ಣು ತಗಿಯೂದಿಲ್ರಿ. ಮೊದಲ ನಿಮ್ಮ ಉಸಿರು ಕೇಳಸ್ತದೇನಂತ ನೋಡತೀನಿ. ಕೇಳಿಸಿದ ಮ್ಯಾಲಽ ತಗೀತೀನಿ."