ಚಿಗವ್ವನ ಪಾಯದಲ್ಲಿ ನಾನು ಕಂಡ ಭೂಕಂಪ

ತಪ್ಪು ಯಾರದೆಂದು ಮೊದಲೇ ಹೇಳಿಬಿಡುತ್ತೇನೆ. ಕರಜಗಿಯಲ್ಲಿ ನನ್ನ ಚಿಕ್ಕಪ್ಪನ ಹೆಂಡತಿ ಚಿಗವ್ವನ ಮನೆಯ ಪಾಯದ ಕೆಲಸವನ್ನು ನಾಲ್ಕು ದಿನ ನಿಲ್ಲಿಸಿದವನು ನಾನು. ಅದೂ ನನ್ನ ದನಿಯಲ್ಲಲ್ಲ, ನಮ್ಮ ಮೇಡಮ್ಮರ ದನಿಯಲ್ಲಿ.

ಮೇಡಂ ಎಂದರೆ ನನ್ನ ಸಂಶೋಧನೆಯ ಗುರು. ಹಿಮಾಲಯದ ಬುಡದಲ್ಲಿ ಹಳೆಯ ಭೂಕಂಪಗಳನ್ನು ಹುಡುಕುವುದು ಅವರ ಕೆಲಸ. ಅಲ್ಲಿ ಉದ್ದನೆಯ ಕಂದಕ ತೋಡಿ, ಗೋಡೆಯನ್ನು ಕೆರೆದು ಸಾಪು ಮಾಡಿ, ಮಣ್ಣಿನ ಪದರಗಳ ಗುಂಟ ಮೊಳೆ ಹೊಡೆದು ದಾರ ಕಟ್ಟುತ್ತೇವೆ. ನೆಟ್ಟಗೆ ಬಂದ ಪದರ ಥಟ್ಟನೆ ತುಂಡಾಗಿ, ಆಳೆತ್ತರ ಮೇಲೆ ಮತ್ತೆ ಶುರುವಾದರೆ, ಎಂದೋ ಒಂದು ದೊಡ್ಡ ಭೂಕಂಪದಲ್ಲಿ ನೆಲ ಅಲ್ಲಿ ಸೀಳಿ ಜಾರಿದೆ ಎಂದರ್ಥ. ಪದರದಲ್ಲಿ ಇದ್ದಿಲ ಚೂರು ಸಿಕ್ಕರೆ ಕಾಲವನ್ನೂ ಅಂದಾಜು ಮಾಡಬಹುದು. ಇದೆಲ್ಲ ಮೇಡಮ್ಮರ ಬುದ್ಧಿ. ನನ್ನ ಪಾಲಿಗೆ ಬಂದದ್ದು ಮೊಳೆ ಹೊಡೆಯುವ ಕೆಲಸ, ಮತ್ತು ಚಹಾದ ಹೊತ್ತಿಗೆ ಅವರ ಹಾಗೆ ಕನ್ನಡಕ ಇಳಿಸಿ, "ಇಲ್ಲಿ ನೆಲ ಜಾರಿದೆ" ಎಂದು ಹೇಳಿ ಎಲ್ಲರನ್ನೂ ನಗಿಸುವ ಕೆಲಸ.

ರಜೆಗೆ ಬಂದಾಗ ಚಿಗವ್ವನ ಪಾಯ ತೋಡಿ ಮುಗಿದಿತ್ತು. ನಮ್ಮ ಕಡೆಯ ಕಪ್ಪು ಎರಿ ಮಣ್ಣು ಪೂರ್ತಿ ತೆಗೆದು, ಕೆಳಗಿನ ಗಟ್ಟಿ ಗರಸು, ಮುರುಮ ಕಾಣುವ ತನಕ. ನನಗೆ ಗುಂಡಿ ಕಂಡರೆ ಸುಮ್ಮನಿರಲು ಬರುವುದಿಲ್ಲ. ಇಳಿದೆ. ಎರಿ ಮಣ್ಣಿನ ಗೋಡೆಯಲ್ಲಿ ಓರೆಯಾಗಿ ಒಂದು ಮೈ ಹೊಳೆಯುತ್ತಿತ್ತು. ಎಣ್ಣೆ ಸವರಿದಷ್ಟು ನುಣುಪು, ಮೇಲೆ ಸಣ್ಣ ಗೀರುಗಳು. ಹಿಮಾಲಯದಲ್ಲಿ ನೆಲ ಜಾರಿದ ಕಡೆ ಇಂಥದ್ದೇ ಕಂಡಿದ್ದೆ. ಕನ್ನಡಕ ಮೂಗಿನ ತುದಿಗೆ ಇಳಿಯಿತು.

"ಇಲ್ಲಿ ನೆಲ ಜಾರಿದೆ."

ಮನೆ ಕಟ್ಟಲು ಜೇವರ್ಗಿಯಿಂದ ಬಂದಿದ್ದ ಗೌಂಡಿ ಮಾಮಾ ಮೇಲಿನಿಂದ ಕೆಮ್ಮುತ್ತ ಬಗ್ಗಿ ನೋಡಿದ. "ಏನಿಲ್ರಿ ಸಾಹೇಬ್ರ, ಎರಿ ಮಣ್ಣ್ ಎಲ್ಲಿ ತೋಡಿದ್ರೂ ಹಿಂಗ ಮಿಂಚತದ."

ನಾನು ಅವನ ಕೆಮ್ಮನ್ನೂ ಸೇರಿಸಿ ಅದೇ ಮಾತನ್ನು ಅವನಿಗೇ ಅಣಕಿಸಿ ತೋರಿಸಿದೆ. ಕೂಲಿಯವರೆಲ್ಲ ನಕ್ಕರು. ಚಿಗವ್ವ ನಗಲಿಲ್ಲ.

ಅವಳು ಯಾಕೆ ನಗಲಿಲ್ಲ ಎಂಬುದು ನನಗೆ ಗೊತ್ತಿರಬೇಕಿತ್ತು. ಅವಳ ತವರು ಆಳಂದದ ಕಡೆ. ಗಡಿಯಾಚೆ ಕಿಲ್ಲಾರಿಯಲ್ಲಿ ತೊಂಬತ್ತಮೂರರ ಭೂಕಂಪವಾದಾಗ ಇನ್ನೂ ಸಣ್ಣವಳು. ಅವರ ಕಲ್ಲಿನ ಮನೆಯ ಒಂದು ಗೋಡೆ ಅವಳ ಹಾಸಿಗೆಯ ಪಕ್ಕಕ್ಕೇ ಕುಸಿದಿತ್ತು. ಅವತ್ತಿನಿಂದ ಅವಳು ಭಾರದ ಮಾಳಿಗೆಯ ಕೆಳಗೆ ಮಲಗಿದವಳಲ್ಲ. ಲಗ್ನವಾಗಿ ಬಂದ ಮೇಲೂ ತಗಡಿನ ಶೆಡ್ಡೇ. ಇಷ್ಟು ವರ್ಷಕ್ಕೆ ಧೈರ್ಯ ಮಾಡಿ, "ಕಟ್ಟೋಣು" ಎಂದಿದ್ದಳು. ನಾನು ಬಂದು ಆ ಧೈರ್ಯಕ್ಕೆ ಮೊಳೆ ಹೊಡೆದಿದ್ದೆ.

"ಮಾಮಾ, ಕೆಲ್ಸ ನಿಲ್ಸು," ಎಂದು ಒಳಗೆ ಹೋದಳು.

ನಾನು ಫೋಟೊ ತೆಗೆದು ಮೇಡಮ್ಮರಿಗೆ ಕಳಿಸಿದೆ. ಶಹಬ್ಬಾಸ್ ಎನ್ನುತ್ತಾರೆಂದು ಮೂರು ದಿನ ಕಾದೆ. ಫೋನು ಬಂತು.

"ಹೊಳಪು ಕಾಣಿಸ್ತಿದೆ. ತುಂಡಾದ ಪದರ ಎಲ್ಲಿ?"

"ಅದು... ನೋಡಿಲ್ಲ ಮೇಡಂ."

"ಕಪ್ಪು ಮಣ್ಣು ಬೇಸಿಗೆಯಲ್ಲಿ ಬಿರಿಯುತ್ತೆ, ಮಳೆಗೆ ಉಬ್ಬುತ್ತೆ. ಒಂದು ಹೆಂಟೆ ಇನ್ನೊಂದನ್ನು ಒತ್ತಿ ಉಜ್ಜಿ ಹೀಗೆ ನುಣುಪಾಗುತ್ತೆ. ನೀವು ಅದೇ ಮಣ್ಣಿನೂರಿನವರು ತಾನೇ?"

ಈ ಮಾತನ್ನು ನಾನು ಇವತ್ತಿಗೂ ಯಾರ ಮುಂದೆಯೂ ಅಣಕಿಸಿ ತೋರಿಸಿಲ್ಲ.

ಮರುದಿನ ಮೊಳೆ, ದಾರ ಹಿಡಿದು ಮತ್ತೆ ಗುಂಡಿಗಿಳಿದೆ. ಎರಿ ಮಣ್ಣಿನ ತಳದಲ್ಲಿ ಸುಣ್ಣದ ಹರಳುಗಳ ಒಂದು ಬಿಳಿ ಗೆರೆ ಇತ್ತು. ಅದರ ಗುಂಟ ಈ ತುದಿಯಿಂದ ಆ ತುದಿಗೆ ದಾರ ಕಟ್ಟಿದೆ. ಎಲ್ಲೂ ತುಂಡಾಗಿರಲಿಲ್ಲ. ಕೆರೆದಷ್ಟೂ ಹೊಳೆಯುವ ಮೈಗಳು ಹತ್ತು ಕಡೆ ಸಿಕ್ಕವು, ಒಂದೊಂದೂ ಒಂದೊಂದು ದಿಕ್ಕಿಗೆ. ಯಾವುದೂ ಆ ಬಿಳಿ ಗೆರೆಯನ್ನು ದಾಟಿರಲಿಲ್ಲ.

ಚಿಗವ್ವನನ್ನು ಕರೆದೆ. ಏಣಿ ಇಳಿದು ಬಂದಳು.

"ತಪ್ಪ್ ನೋಡೇನಿ ಚಿಗವ್ವ. ಈ ಗೆರಿ ಮ್ಯಾಲ ಕೈ ಆಡ್ಸು. ನೆಲ ಜಾರಿದ್ರ ಇದು ನಡುವ ಹರ್ದಿರ್ತಿತ್ತು."

ಅವಳು ಬೆರಳನ್ನು ದಾರದ ಗುಂಟ ಪೂರ್ತಿ ಎಳೆದುಕೊಂಡು ಹೋದಳು. ಮೂಲೆಯಲ್ಲಿ ನಿಂತು ಕೇಳಿದಳು, "ಇನ್ನ ಮ್ಯಾಲ ಭೂಕಂಪ ಬರಂಗಿಲ್ಲ ಅಂತ ಬರ್ದು ಕೊಡ್ತಿ?"

ಯಾರ ದನಿಯೂ ನೆರವಿಗೆ ಬರಲಿಲ್ಲ. ನನ್ನದೇ ದನಿಯಲ್ಲಿ ಹೇಳಬೇಕಾಯಿತು. "ಅದು ಯಾರಿಗೂ ಹೇಳಾಕ ಬರಂಗಿಲ್ಲ. ಆದ್ರ ಈ ಗುಂಡ್ಯಾಗ ನೆಲ ಹರ್ದಿಲ್ಲ. ಪಾಯದ ಮ್ಯಾಲ, ಬಾಗಲಾ ಕಿಡಕಿ ಮ್ಯಾಲ ಸುತ್ತ ಕಾಂಕ್ರೀಟ್ ಪಟ್ಟಿ ಹಾಕಿ, ಮೂಲಿಗೆ ಕಬ್ಬಿಣದ ಸಳಿ ಕಟ್ಟಿದ್ರ, ನೆಲ ಅಳ್ಳಾಡಿದ್ರೂ ಗೋಡಿ ಹಂಗ ಸುಮ್ನ ಬೀಳಂಗಿಲ್ಲ."

"ಎರಿ ಮಣ್ಣ್ ಹಿಂಗ ಮಿಂಚತದಂತ ನಾ ಮೊದಲ ದಿನಾನೇ ಹೇಳೀನಿ," ಮೇಲಿನಿಂದ ಗೌಂಡಿ ಮಾಮಾ ಕೆಮ್ಮಿದ.

ಚಿಗವ್ವ ಇನ್ನೊಮ್ಮೆ ಆ ಗೆರೆ ಮುಟ್ಟಿದಳು. ಮುಖದಲ್ಲಿ ಏನೋ ಸಡಿಲವಾಯಿತು. ಏಣಿ ಹತ್ತಿ, ಅಂಚಿನಲ್ಲಿ ಸೆರಗು ಸಿಕ್ಕಿಸಿ ನಿಂತಳು. ನನಗೋ ದಾರ ಬಿಚ್ಚಲು ಮನಸ್ಸಿಲ್ಲ. ಇಷ್ಟು ಚಂದದ ಗೋಡೆ!

"ಚಿಗವ್ವ, ಇನ್ನೊಂದ್ ಎರಡ ದಿನ ಬಿಡು. ಪೂರಾ ನಕ್ಷಾ ಬರಕೋತೇನಿ."

"ನಿಮ್ಮ ಹಿಮಾಲಯದಾಗ ಬೇಕಷ್ಟು ತೋಡ್ಕೊಂಡು ಬರಕೋ ಲೇ. ಇದು ನನ್ನ ಮನಿ ಗುಂಡಿ. ಮ್ಯಾಲ ಬಾ, ಕಲ್ಲು ಇಳಸ್ತಾರ."