ಅರ್ಧಕ್ಕೆ ನಿಂತ ಮಾತು

ಎಂಬತ್ತರ ದಶಕದ ಕೊನೆಗೆ ನಾನು ಚನ್ನಗಿರಿಯ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ಪಾಠ ಹೇಳುತ್ತಿದ್ದೆ. ಇದ್ದದ್ದು ಒಂದೇ ಕಂಪ್ಯೂಟರ್. ಕ್ಲಾಸು ಮುಗಿದ ಮೇಲೆ ಅದರಲ್ಲಿ ನನ್ನದೇ ಒಂದು ಪುಟ್ಟ ಸ್ಕ್ರಿಪ್ಟಿಂಗ್ ಭಾಷೆ ಕಟ್ಟುವ ಹುಚ್ಚು ಹಿಡಿಯಿತು. ಅದರಲ್ಲಿ ಕೊರೂಟೀನ್ ಇರಲೇಬೇಕೆಂಬ ಹಟ ಬೇರೆ. ಅಂದರೆ ಎರಡು ಕೆಲಸ ಸರದಿಯಂತೆ ನಡೆಯಬೇಕು; ಒಂದು ಅರ್ಧಕ್ಕೆ ನಿಂತು ಇನ್ನೊಂದಕ್ಕೆ ಬಿಟ್ಟುಕೊಡಬೇಕು, ಮತ್ತೆ ಸರದಿ ಬಂದಾಗ ನಿಂತಲ್ಲಿಂದಲೇ ಮುಂದುವರಿಯಬೇಕು. ನನ್ನದೋ, ನಿಂತ ಸಾಲನ್ನಷ್ಟೇ ನೆನಪಿಟ್ಟುಕೊಂಡು ಮಿಕ್ಕದ್ದನ್ನೆಲ್ಲ ಮರೆತು ಬರುತ್ತಿತ್ತು. ತಲೆ ಚಚ್ಚಿಕೊಂಡು, ಕೊನೆಗೆ ಒಂದೊಂದು ಕೆಲಸಕ್ಕೂ ಅದರದೇ ನೆನಪಿನ ಜಾಗ ಕೊಟ್ಟ ಮೇಲೆ ಸರಿಹೋಯಿತು.

ಪರೀಕ್ಷೆಗೆ ಒಂದು ಬೀಸುವ ಪದ ಹಾಕೋಣ ಅನ್ನಿಸಿತು. ಅವ್ವ ಮತ್ತು ಆಕೆಯ ಅಕ್ಕ, ನಮ್ಮ ದೊಡ್ಡವ್ವ, ಬೀಸುವ ಕಲ್ಲಿಗೆ ಎದುರುಬದುರು ಕೂತು ಒಬ್ಬರೊಂದು ಸಾಲು, ಇನ್ನೊಬ್ಬರೊಂದು ಸಾಲು ಹಾಡುತ್ತಿದ್ದರು. ಅವ್ವನನ್ನು ಕೇಳಿದೆ. ಒಂದು ಸಾಲು ಹೇಳಿ ಸುಮ್ಮನಾದಳು.

"ಮುಂದೆ?"

"ಮುಂದಿಂದು ನಿಮ್ಮ ದೊಡ್ಡವ್ವಂದು. ನಂಗೆ ಬರಲ್ಲ."

ನಾನು ದಂಗಾದೆ. ಊರೆಲ್ಲ ಹೊಗಳುತ್ತಿದ್ದ ಹಾಡುಗಾರ್ತಿಗೆ ಬರುತ್ತಿದ್ದದ್ದು ಅರ್ಧ ಹಾಡು. ಇನ್ನರ್ಧ ದೊಡ್ಡವ್ವನಿದ್ದ ಸಾಸ್ವೆಹಳ್ಳಿಯಲ್ಲಿತ್ತು, ಅಕ್ಕ ತಂಗಿ ಮಾತು ಬಿಟ್ಟು ವರ್ಷಗಳಾಗಿದ್ದವು. ಅವರ ತಾಯಿ, ನಮ್ಮಜ್ಜಿ, ದೊಡ್ಡವ್ವನ ಮನೆಯಲ್ಲಿ ತೀರಿಕೊಂಡಾಗ ಅವ್ವನಿಗೆ ಸುದ್ದಿ ಮುಟ್ಟಿದ್ದು ಮಣ್ಣಾಗಿ ಎಷ್ಟೋ ದಿನಕ್ಕೆ. ಕೇಳಲು ಹೋದರೆ ದೊಡ್ಡವ್ವ, "ಹೇಳಿ ಕಳಿಸಬ್ಯಾಡ್ರಿ ಅಂದೋಳೇ ನಾನು" ಅಂದಳಂತೆ. ಅಷ್ಟು ಕೇಳಿದ್ದೇ ತಡ ಅವ್ವ ಚಪ್ಪಲಿ ಮೆಟ್ಟಿ ಹೊರಟುಬಂದಿದ್ದಳು.

ಆ ಹೊಸಲು ತುಳಿಯಲ್ಲ ಅನ್ನುತ್ತಿದ್ದವಳನ್ನು ಕಾಡಿ ಬೇಡಿ ಬಸ್ಸು ಹತ್ತಿಸಿದೆ. ಇನ್ನೊಮ್ಮೆ ಜಗಳವಾದರೆ ಇದ್ದೊಂದು ಎಳೆಯೂ ಕಡಿದುಹೋಗುತ್ತದೆಂದು ದಾರಿಯುದ್ದಕ್ಕೂ ಹೆದರಿದ್ದೆ.

ದೊಡ್ಡವ್ವ ನೀರು ತಂದಿಟ್ಟಳು. ಹೆಂಗಿದೀಯ ಅನ್ನಲಿಲ್ಲ, ಕೂತ್ಕೋ ಅನ್ನಲಿಲ್ಲ. ಈಗಷ್ಟೇ ಬಿಟ್ಟ ಮಾತನ್ನು ಎತ್ತಿಕೊಂಡವಳಂತೆ ಅಂದಳು:

"ಯಾಕಂದ್ರೆ ನಿನಗೆ ಆಗ ದಿನ ತುಂಬಿತ್ತು. ಹಿಂದಿನ ಕೂಸು ಹೋಗಿತ್ತಲ್ಲ, ಇದೂ ಹೋದೀತು, ಹೆರಿಗೆ ಆಗೋತನಕ ಆಕೆಗೆ ಹೇಳಾಕೆ ಹೋಗಬ್ಯಾಡ ಅಂತ ನಮ್ಮವ್ವನೇ ನನ್ನ ಕೈಲಿ ಭಾಷೆ ತಗೊಂಡು ಕಣ್ಣು ಮುಚ್ಚಿದ್ಲು."

ಅಷ್ಟೂ ವರ್ಷ ಆ ಮಾತಿನ ಉಳಿದರ್ಧ ದೊಡ್ಡವ್ವನ ಬಾಯಲ್ಲೇ ಇತ್ತು. ಹಾಡು ಕೇಳಲು ಬಂದದ್ದು ನನಗೆ ಮರೆತೇಹೋಯಿತು. ಅವ್ವ ನೀರಿನ ಲೋಟ ಮುಟ್ಟಲಿಲ್ಲ. ಅಕ್ಕನ ಕಡೆ ತಿರುಗಿ ಕೇಳಿದಳು: "ಅವತ್ತೇ ಹೇಳಬಾರದಿತ್ತಾ, ಅಕ್ಕಾ?"

"ಕೇಳಾಕೆ ನೀನೆಲ್ಲಿ ನಿಂತೆ?"