ಮೂಗು ಹಿಡಿದ ಕೈ

ಇಳಕಲ್ಲಿನ ಒಂದು ಕನ್ನಡ ಶಾಲೆಯಲ್ಲಿ ಗುರುಲಿಂಗವ್ವ ಹನ್ನೆರಡು ವರ್ಷದಿಂದ ನೀರು ತುಂಬುತ್ತಿದ್ದಳು. ಒಂದಕ್ಷರ ಬಾರದು. ಲಿಂಗಪೂಜೆ ಮುಗಿಸಿ, ಹಣೆತುಂಬ ವಿಭೂತಿ ಬಳಿದು, ಕೊಡ ಹೊತ್ತು ಬಂದರೆ ಮಕ್ಕಳಿಗೆಲ್ಲ ಆಕೆ ಆಯಿ. ತಾಯಿಯಿಲ್ಲದ ಮೊಮ್ಮಗಳು ಶಿವಬಸವ್ವ ಅಲ್ಲೇ ನಾಲ್ಕನೆಯ ತರಗತಿಯಲ್ಲಿದ್ದಳು. ಮಗ್ಗಿಯಲ್ಲಿ ಅವಳನ್ನು ಮೀರಿಸುವವರಿಲ್ಲ.

ಸಂಗಯ್ಯ ಮಾಸ್ತರರ ತರಗತಿಯಲ್ಲಿ ಉತ್ತರ ಬಂದವರು ಬಾರದವರ ಮೂಗು ಹಿಡಿದು ಕೆನ್ನೆಗೆ ಹೊಡೆಯಬೇಕು. ಮೊಮ್ಮಗಳು ಸಾಲಾಗಿ ಹೊಡೆಯುತ್ತ ಹೋಗುವುದನ್ನು ಕಿಟಕಿಯಿಂದ ಕಂಡು ಗುರುಲಿಂಗವ್ವ ನಕ್ಕಿದ್ದಳು, ಬಾವಿಕಟ್ಟೆಯಲ್ಲಿ ಹೇಳಿಕೊಂಡು ಹಿಗ್ಗಿದ್ದಳು.

ಎಪ್ಪತ್ತೆಂಟರ ಶ್ರಾವಣದಲ್ಲಿ ಒಂದು ದಿನ ನೇಕಾರರ ಹುಡುಗಿ ಚಂದವ್ವ ನೀರಿನ ಹರವಿಯ ಹತ್ತಿರ ಮೂಗಿನ ರಕ್ತ ತೊಳೆದುಕೊಳ್ಳುತ್ತಿದ್ದಳು.

“ಉತ್ತರ ಬರಲಿಲ್ಲೇನವ್ವ?”

“ಪ್ರಶ್ನೀನ ಕೇಳಿರಲಿಲ್ಲ ಆಯಿ. ಆಟದ ಹೊತ್ತಿನ್ಯಾಗ ಶಿವಬಸವ್ವ ಸುಮ್ಮನ ಹೊಡದ್ಲು. ದಿನಾ ಹೊಡೀತಾಳ. ನಾ ನಾಳಿಂದ ಸಾಲಿಗಿ ಬರೂದಿಲ್ಲ, ಮನ್ಯಾಗ ಮಗ್ಗಕ್ಕ ನೂಲಿನ ಕಂಡಿಕಿ ಸುತ್ತತೇನಿ.”

ಗುರುಲಿಂಗವ್ವನ ಮೈ ಉರಿಯಿತು. ಅಂಗಳದಲ್ಲಿದ್ದ ಮೊಮ್ಮಗಳ ರಟ್ಟೆ ಹಿಡಿದು ಕೈಯೆತ್ತಿದಳು. “ಯಾಕ ಹೊಡದಿ?”

“ಮೆಲ್ಲಗ ಹೊಡದರ ಮಾಸ್ತರು ‘ಹಿಂಗ ಹೊಡೀಬೇಕು’ ಅಂತ ನನಗ ಹೊಡದ ತೋರಸ್ತಾರ. ಹೊಡದ ಹೊಡದ ರೂಢಿ ಆಗೇತಿ.” ಹುಡುಗಿ ಮುಖವೆತ್ತಿದಳು. “ನೀನೂ ನಗತಿದ್ದೆಲ್ಲ.”

ಎತ್ತಿದ ಕೈ ಇಳಿಯಿತು. ಸಿಟ್ಟು ಇಳಿಯಲಿಲ್ಲ. ಗಂಟೆ ಬಾರಿಸಿ ಮಕ್ಕಳು ಒಳಗೆ ಕೂತಿದ್ದರು; ಮೊಮ್ಮಗಳನ್ನು ಎಳೆದುಕೊಂಡೇ ತರಗತಿಗೆ ನುಗ್ಗಿದಳು.

“ಮಾಸ್ತರ, ನನಗೂ ಒಂದ ಪ್ರಶ್ನಿ ಕೇಳ್ರಿ.”

“ಮುದುಕಿಗಿ ಈಗ ಸಾಲಿ ನೆನಪಾತೇನು?” ಮಾಸ್ತರರು ನಕ್ಕರು, ಮಕ್ಕಳೂ ನಕ್ಕರು. “ಹೇಳು, ಹದಿನೇಳಾರಲೆ ಎಷ್ಟು?”

“ಬರೂದಿಲ್ರಿ.” ಆಕೆ ಮೊಮ್ಮಗಳ ಮುಂದೆ ಮೊಣಕಾಲೂರಿದಳು. “ನಿನಗ ಬರತೈತಲ್ಲ? ಹಿಡಿ ಮೂಗ.”

ಹುಡುಗಿ ಮಾಸ್ತರರ ಕಡೆ ನೋಡಿದಳು.

“ಸಾಕು, ಎದ್ದು ಹೋಗವ್ವ,” ಎಂದರು ಅವರು.

“ಮೆಲ್ಲಗ ಹೊಡದರ ನೀವ ಆಕಿನ್ನ ಹೊಡೀತೀರಂತಲ್ಲ. ಜೋರ ಹೊಡಿ ಅನ್ರಿ.”

ಮಾಸ್ತರರು ಬೆತ್ತ ಎತ್ತಿ ಮೇಜಿಗೆ ಬಡಿದರು. ಮುದುಕಿಯನ್ನು ಹೊರಗೆ ಕಳಿಸಲೆಂದೇ ಬಡಿದಿರಬಹುದು. ಆದರೆ ಆ ಸದ್ದಿಗೆ ಶಿವಬಸವ್ವ ಕಣ್ಣು ಮುಚ್ಚಿ, ಅಜ್ಜಿಯ ಮೂಗು ಹಿಡಿದು, ಫಟ್ಟನೆ ಹೊಡೆದುಬಿಟ್ಟಳು. ಯಾರೂ ನಗಲಿಲ್ಲ.

ಗುರುಲಿಂಗವ್ವ ಎದ್ದಳು. “ಛಲೋ ಕಲಿಸೀರಿ,” ಎಂದಳು. “ನಾನೂ ಕಿಟಕ್ಯಾಗ ನಿಂತು ಕಲಿಸೇನಿ.”

ಮರುದಿನ ಶಿವಬಸವ್ವನನ್ನು ಜೊತೆಗೆ ಕರೆದುಕೊಂಡು ಚಂದವ್ವನ ಮನೆಗೆ ಹೋದಳು. ಮಗ್ಗದ ಪಕ್ಕದಿಂದ ಆ ಹುಡುಗಿಯನ್ನು ಎಬ್ಬಿಸಿ ಶಾಲೆಗೆ ಕರೆತಂದಳು. ಆಮೇಲೆ ತರಗತಿಯ ಹೊಸ್ತಿಲಲ್ಲೇ ಕೊಡ ಇಳಿಸಿ ಕೂತಳು.

“ಕೇಳ್ರಿ ಮಾಸ್ತರ, ಪ್ರಶ್ನಿ ಕೇಳ್ರಿ. ಉತ್ತರ ಬರದವರಿದ್ದರ, ಹಿಡ್ಯಾಕ ಮೊದಲ ನನ್ನ ಮೂಗೈತಿ.”

ಅಂದು ಯಾರ ಮೂಗಿಗೂ ಕೈ ಹೋಗಲಿಲ್ಲ. ಮರುದಿನವೂ ಆಕೆ ಅಲ್ಲೇ ಬಂದು ಕೂತಳು.